ಭಾನುವಾರ ಅಂಗಡಿ ತೆರೆಯುವುದಿಲ್ಲ: ಜರ್ಮನಿಗೆ ಓದಲು ಹೊರಟವರಿಗೆ ಊಟ-ತಿಂಡಿಯ ಕೈಪಿಡಿ

ಶನಿವಾರ ರಾತ್ರಿ ವಿಮಾನ ಇಳಿದು ಹಾಸ್ಟೆಲ್ ಸೇರಿದ್ದೆ. ಬೆಳಿಗ್ಗೆ ಎದ್ದು ಅಕ್ಕಿ, ಹಾಲು, ಎರಡು ಈರುಳ್ಳಿ ತರೋಣವೆಂದು ಹೊರಟರೆ ಇಡೀ ಬೀದಿ ಬಿಕೋ ಎನ್ನುತ್ತಿತ್ತು. ಸೂಪರ್‌ಮಾರ್ಕೆಟ್ಟಿನ ಗಾಜಿನ ಬಾಗಿಲು ಮುಚ್ಚಿತ್ತು. ಒಳಗೆ ಜೋಡಿಸಿಟ್ಟ ಬಾಳೆಹಣ್ಣು ಹೊರಗಿನಿಂದಲೇ ಕಾಣುತ್ತಿತ್ತು. ಏನೋ ಬಂದ್ ಇರಬೇಕು ಅಂದುಕೊಂಡೆ. ಬಂದ್ ಏನೂ ಇರಲಿಲ್ಲ, ಅವತ್ತು ಭಾನುವಾರ, ಅಷ್ಟೇ. ಆ ದಿನ ಮೂರು ಹೊತ್ತೂ ನನ್ನ ಹೊಟ್ಟೆ ತುಂಬಿಸಿದ್ದು ಅಮ್ಮ ಸೂಟ್‌ಕೇಸಿನ ಮೂಲೆಗೆ ತುರುಕಿದ್ದ ಅವಲಕ್ಕಿ. ನಲ್ಲಿ ನೀರಲ್ಲಿ ನೆನೆಸಿ, ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ರಾತ್ರಿ ಫೋನಿನಲ್ಲಿ ಅಮ್ಮ "ಊಟ ಆಯ್ತಾ?" ಎಂದಾಗ "ಹ್ಞೂಂ, ಭರ್ಜರಿ" ಎಂದೆ.

2022-23ರ ಚಳಿಗಾಲದ ಸೆಮಿಸ್ಟರ್‌ನಿಂದೀಚೆಗೆ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಅತಿ ದೊಡ್ಡ ಗುಂಪು. ಮರುವರ್ಷ ಆ ಸಂಖ್ಯೆ 49 ಸಾವಿರ ದಾಟಿತು. ಅವರಲ್ಲಿ ಕನ್ನಡದ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ವೀಸಾ, ವಿಮೆ, ವೀಸಾಕ್ಕಾಗಿ ಮೊದಲೇ ಹಣ ಇಡಬೇಕಾದ ಬ್ಲಾಕ್ಡ್ ಅಕೌಂಟ್ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುವವರು ಊಟದ ವಿಷಯಕ್ಕೆ ಬಂದಾಗ "ಹೋದಮೇಲೆ ನೋಡಿಕೊಳ್ಳೋಣ" ಎಂದುಬಿಡುತ್ತಾರೆ. ಹೋದಮೇಲೆ ಒಂದೋ ಮೂರು ಹೊತ್ತೂ ಊರಿನ ಅಡುಗೆಯನ್ನೇ ಮಾಡಲು ಹೋಗಿ ಸುಸ್ತಾಗುತ್ತಾರೆ, ಇಲ್ಲವೇ ಬ್ರೆಡ್ಡು, ಇನ್‌ಸ್ಟಂಟ್ ನೂಡಲ್ಸ್ ತಿಂದು ಸೊರಗುತ್ತಾರೆ. ನನ್ನ ಅನುಭವದಲ್ಲಿ ನಾಲಿಗೆ ಬೇಗ ಒಗ್ಗಿಕೊಳ್ಳುತ್ತದೆ. ಒಗ್ಗಲು ತಡಮಾಡುವುದು ದಿನಚರಿ: ಯಾವ ಹೊತ್ತಿಗೆ ಉಣ್ಣಬೇಕು, ಯಾವ ದಿನ ಸಾಮಾನು ತರಬೇಕು, ಪೊಟ್ಟಣದ ಮೇಲೆ ಏನು ಓದಬೇಕು ಎಂಬುದು. ಅದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಕಷ್ಟ ಕಡಿಮೆ.

ಸೂಟ್‌ಕೇಸ್ ಕಟ್ಟುವ ಮುನ್ನ

ಮೊದಲು, ಒಯ್ಯಬಾರದ ಸಾಮಾನು. ಐರೋಪ್ಯ ಒಕ್ಕೂಟಕ್ಕೆ ಹೊರದೇಶಗಳಿಂದ ಬರುವ ಪ್ರಯಾಣಿಕರು ಮಾಂಸ, ಹಾಲು ಮತ್ತು ಅವುಗಳ ಉತ್ಪನ್ನಗಳನ್ನು ತರುವಂತಿಲ್ಲ. ಅಂದರೆ ಮನೆಯ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಹಾಲನ್ನೇ ಕಾಯಿಸಿ ಮಾಡುವ ಧಾರವಾಡ ಪೇಡ, ಬೆಳಗಾವಿ ಕುಂದಾಗಳಿಗೂ ಕಸ್ಟಮ್ಸ್‌ನಲ್ಲಿ ಇದೇ ಗತಿಯಾಗಬಹುದು. ಒಣಮೀನಿನ ಆಸೆ ಇರುವ ಕರಾವಳಿಯವರು ಮೀನಿಗಿರುವ ಬೇರೆ ಮಿತಿಗಳನ್ನು ನೋಡಿಕೊಂಡು ಕಟ್ಟಿಕೊಳ್ಳಲಿ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದರಿಂದ ವಿನಾಯಿತಿ ಇರುವುದು ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ದುರಿಯನ್ ಎಂಬ ಐದಕ್ಕೆ ಮಾತ್ರ. ಒಣ ಕೊಬ್ಬರಿಯ ಕಥೆ ಬೇರೆ: ಎಣ್ಣೆಯಂಶದಿಂದ ಸುಲಭವಾಗಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.

ಗಸಗಸೆಯ ಬಗ್ಗೆ ವಿಶೇಷ ಎಚ್ಚರ. ಪಾಯಸಕ್ಕೂ ಸಾಗುವಿಗೂ ಬೇಕೆಂದು ಅಜ್ಜಿ ಕಟ್ಟಿಕೊಟ್ಟ ಒಂದು ಹಿಡಿ ಗಸಗಸೆ, ದುಬೈ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸುವಾಗ ಜೈಲಿನವರೆಗೂ ಎಳೆಯಬಹುದು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅದು ನಿಷಿದ್ಧ. ಜರ್ಮನಿಯಲ್ಲಾದರೋ ಅದೇ ಗಸಗಸೆ 'ಮೋನ್' ಎಂಬ ಹೆಸರಿನಲ್ಲಿ ರಾಜಾರೋಷವಾಗಿ ಸಿಗುತ್ತದೆ. ಬಣ್ಣ ನೀಲಿಗಪ್ಪು. ಬೇಕರಿಗಳಲ್ಲಿ ಅದರದೇ ಕೇಕ್ ಮಾಡಿ ಮಾರುತ್ತಾರೆ.

ಒಯ್ಯಬೇಕಾದದ್ದು, ಅಲ್ಲಿ ಸಿಗದ ನಿಮ್ಮ ಮನೆಯ ರುಚಿ: ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಶೇಂಗಾ ಹಿಂಡಿ, ಇಂಗು, ಸ್ವಲ್ಪ ಹುಣಸೆಹಣ್ಣು, ಬೆಲ್ಲ. ಅಕ್ಕಿ, ಬೇಳೆ ಹೊರಬೇಡಿ, ತೂಕ ದಂಡ. ಮೊದಲ ಎರಡು ದಿನಕ್ಕೆಂದು ಅವಲಕ್ಕಿ, ಹುರಿದ ರವೆಗೆ ಒಗ್ಗರಣೆ ಬೆರೆಸಿದ ಉಪ್ಪಿಟ್ಟಿನ ಮಿಶ್ರಣ ಇದ್ದರೆ ಸಾಕು.

ಪಾತ್ರೆಗಳಲ್ಲಿ ಮೂರು ಲೀಟರಿನ ಒಂದು ಕುಕ್ಕರ್, ಒಗ್ಗರಣೆ ಸೌಟು, ಸಣ್ಣ ಮಿಕ್ಸಿ. ಕುಕ್ಕರ್ ಕೊಳ್ಳುವ ಮುಂಚೆ ಹಾಸ್ಟೆಲಿನಲ್ಲಿ ಯಾವ ಒಲೆ ಇದೆಯೆಂದು ಕೇಳಿ. ಇಂಡಕ್ಷನ್ ಆಗಿದ್ದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ವಿದ್ಯುತ್ ಎರಡೂ ದೇಶಗಳಲ್ಲಿ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ನಮ್ಮ ಮಿಕ್ಸಿ ಅಲ್ಲಿ ಸರಾಗವಾಗಿ ಓಡುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಅಲ್ಲಿನ ಸಾಕೆಟ್ಟಿಗೆ ಕೂರದು, ಮಿಕ್ಸಿಯ ಭಾರ ತಾಳುವ ಗಟ್ಟಿ ಅಡಾಪ್ಟರ್ ಬೇಕು.

ಹೊಟ್ಟೆಯ ಗಡಿಯಾರ

ನಮ್ಮಲ್ಲಿ ಬೆಳಿಗ್ಗೆ ಬಿಸಿ ತಿಂಡಿ, ಮಧ್ಯಾಹ್ನ ಒಂದೂವರೆಗೆ ಊಟ, ಸಂಜೆ ಕಾಫಿ-ಕುರುಕಲು, ರಾತ್ರಿ ಒಂಬತ್ತಕ್ಕೆ ಮತ್ತೆ ಅನ್ನ. ಜರ್ಮನರ ದಿನದಲ್ಲಿ ಬಿಸಿ ಊಟ ಸಾಮಾನ್ಯವಾಗಿ ಒಂದೇ, ಅದೂ ಮಧ್ಯಾಹ್ನ. ವಿಶ್ವವಿದ್ಯಾಲಯದ ಕ್ಯಾಂಟೀನಿಗೆ 'ಮೆನ್ಸಾ' ಎನ್ನುತ್ತಾರೆ. ಬಹುತೇಕ ಕಡೆ ಹನ್ನೊಂದೂವರೆಯಿಂದ ಎರಡರವರೆಗೆ ಅಲ್ಲಿ ಜನಜಂಗುಳಿ. ಎರಡೂವರೆಗೆ ನಿಧಾನವಾಗಿ ಹೋದರೆ ತಳದಲ್ಲಿ ಉಳಿದ ಆಲೂಗಡ್ಡೆಯೇ ಗತಿ, ಕೆಲವೊಮ್ಮೆ ಅದೂ ಇಲ್ಲ. ಶನಿವಾರ, ಭಾನುವಾರ ಹೆಚ್ಚಿನ ಮೆನ್ಸಾಗಳು ಮುಚ್ಚಿರುತ್ತವೆ.

ಸಂಜೆ ಆರು-ಏಳರ ಹೊತ್ತಿಗೆ ಅವರದು 'ಆಬೆಂಡ್‌ಬ್ರೋಟ್', ಅಂದರೆ ಸಂಜೆಯ ಬ್ರೆಡ್ಡು. ಒಲೆ ಹಚ್ಚುವ ಪ್ರಶ್ನೆಯೇ ಇಲ್ಲ. ಗಟ್ಟಿ ಬ್ರೆಡ್ಡಿನ ಹೋಳು, ಬೆಣ್ಣೆ, ಚೀಸ್, ಸೌತೆಕಾಯಿ, ಉಪ್ಪಿನಕಾಯಿಯಂತೆ ಹುಳಿಗೆ ಹಾಕಿದ ತರಕಾರಿ, ಮಾಂಸ ತಿನ್ನುವವರಿಗೆ ಅದರ ತೆಳು ಬಿಲ್ಲೆಗಳು. "ಇದೂ ಒಂದು ಊಟವೇ?" ಎಂದು ಮೊದಮೊದಲು ಅನ್ನಿಸುವುದು ಸಹಜ. ಆದರೆ ಅವರ ಬ್ರೆಡ್ಡು ನಮ್ಮ ಬೇಕರಿಯ ಸಿಹಿ ಹತ್ತಿಯಂಥದ್ದಲ್ಲ. ರೈ, ಗೋಧಿ, ಸೂರ್ಯಕಾಂತಿ ಬೀಜ, ಅಗಸೆ ಸೇರಿದ, ಕೈಯಲ್ಲಿ ಹಿಡಿದರೆ ತೂಕವಿರುವ ಬ್ರೆಡ್ಡು. 3,000ಕ್ಕೂ ಹೆಚ್ಚು ಬಗೆಗಳು ಅವರ ಪಟ್ಟಿಯಲ್ಲಿವೆ. 2014ರಲ್ಲಿ ಬ್ರೆಡ್ ಸಂಸ್ಕೃತಿಯನ್ನೇ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡರು. ಖಡಕ್ ಜೋಳದ ರೊಟ್ಟಿ ತಿಂದು ಬೆಳೆದ ಉತ್ತರ ಕರ್ನಾಟಕದ ಹುಡುಗರು ಇದಕ್ಕೆ ನಮ್ಮೆಲ್ಲರಿಗಿಂತ ಬೇಗ ಒಗ್ಗಿಕೊಂಡಿದ್ದನ್ನು ನಾನು ಕಂಡಿದ್ದೇನೆ. ವಿಜಯಪುರದ ಗೆಳೆಯನೊಬ್ಬ ಬ್ರೆಡ್ಡಿಗೆ 'ಕ್ವಾರ್ಕ್' ಎಂಬ ಗಟ್ಟಿಮೊಸರಿನಂಥದ್ದನ್ನು ಸವರಿ, ಮೇಲೆ ಶೇಂಗಾ ಹಿಂಡಿ ಉದುರಿಸಿ, ಪಕ್ಕದಲ್ಲಿ ಹಸಿ ಈರುಳ್ಳಿ ಇಟ್ಟುಕೊಂಡು ತಿನ್ನುತ್ತಿದ್ದ. ಎರಡೇ ವಾರದಲ್ಲಿ ಅದು ನಮ್ಮ ಮಹಡಿಯ ಜರ್ಮನ್ ಹುಡುಗರಿಗೂ ಅಂಟಿಕೊಂಡಿತು.

ಹಾಗಾಗಿ ನನ್ನ ಸಲಹೆ ಇಷ್ಟು: ಬೆಳಿಗ್ಗೆ ಓಟ್ಸ್, ಹಣ್ಣು ಅಥವಾ ಬ್ರೆಡ್ಡು. ಮಧ್ಯಾಹ್ನ ಮೆನ್ಸಾದ ಬಿಸಿ ಊಟ. ರಾತ್ರಿ ಒಂದು ಹೊತ್ತು ಮಾತ್ರ ನಮ್ಮ ಅಡುಗೆ. ಮೂರೂ ಹೊತ್ತು ನಮ್ಮದೇ ಬೇಕೆಂದು ಹಟ ಹಿಡಿದರೆ ಓದಲು ಸಮಯ ಉಳಿಯುವುದಿಲ್ಲ, ಒಂದು ಹೊತ್ತೂ ಇಲ್ಲದಿದ್ದರೆ ಮನಸ್ಸು ಉಳಿಯುವುದಿಲ್ಲ.

ಮೆನ್ಸಾದಲ್ಲಿ ಅಕ್ಷರಾಭ್ಯಾಸ

ಮೆನ್ಸಾಗಳನ್ನು ನಡೆಸುವುದು ಸ್ಥಳೀಯ ವಿದ್ಯಾರ್ಥಿ ಸೇವಾ ಸಂಸ್ಥೆಗಳು. ನೀವು ಸೆಮಿಸ್ಟರ್ ಶುಲ್ಕ ಕಟ್ಟುವಾಗ ಅವಕ್ಕೂ ಒಂದು ಪಾಲು ಹೋಗಿರುತ್ತದೆ. ಆದ್ದರಿಂದಲೇ ವಿದ್ಯಾರ್ಥಿಗೆ ಒಂದು ಬೆಲೆ, ನೌಕರರಿಗೆ ಇನ್ನೊಂದು, ಹೊರಗಿನವರಿಗೆ ಮತ್ತೊಂದು. ಗುರುತಿನ ಚೀಟಿ ಮರೆತರೆ ಅದೇ ತಟ್ಟೆಗೆ ಹೆಚ್ಚು ತೆರಬೇಕು. ಹಲವು ಕಡೆ ಆ ಚೀಟಿಗೇ ಯಂತ್ರದಲ್ಲಿ ಹಣ ತುಂಬಿಸಿಕೊಂಡು ಪಾವತಿಸುವ ಪದ್ಧತಿ ಇದೆ. ವಾರದ ಮೆನು ಮೊದಲೇ ಫೋನಿನಲ್ಲಿ ಸಿಗುತ್ತದೆ. ಭಾನುವಾರ ಸಂಜೆ ಅದನ್ನೊಮ್ಮೆ ನೋಡಿ, ಯಾವ ದಿನ ಡಬ್ಬಿ ಕಟ್ಟಬೇಕೆಂದು ತೀರ್ಮಾನಿಸಿ.

ಸಸ್ಯಾಹಾರಿಗಳು ಒಂದು ವ್ಯತ್ಯಾಸ ತಿಳಿದಿರಬೇಕು. ಅಲ್ಲಿ 'ವೆಗೆಟಾರಿಶ್' ಎಂದರೆ ಮೊಟ್ಟೆ, ಹಾಲು, ಚೀಸ್ ಎಲ್ಲವೂ ಸೇರಬಹುದು. ದಕ್ಷಿಣ ಜರ್ಮನಿಯವರು ಪ್ರೀತಿಯಿಂದ ತಿನ್ನುವ 'ಶ್ಪೆಟ್ಸ್‌ಲೆ' ಎಂಬ ಹಿಟ್ಟಿನ ತುಣುಕುಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಮೊಟ್ಟೆಯೂ ಬೇಡ ಎನ್ನುವವರಿಗೆ ಸುಲಭದ ದಾರಿ 'ವೀಗನ್' ಗುರುತಿನ ತಟ್ಟೆ. ಹಾಲು ಬಿಟ್ಟುಹೋದರೂ ಸಂಶಯ ಉಳಿಯುವುದಿಲ್ಲ, ಮೊಸರನ್ನು ಮನೆಗೆ ಬಂದು ತಿಂದರಾಯಿತು.

ಈ ಕೆಲವು ಪದಗಳನ್ನು ವಿಮಾನ ಹತ್ತುವ ಮೊದಲೇ ಕಂಠಪಾಠ ಮಾಡಿಕೊಳ್ಳಿ. ಫ್ಲೈಶ್: ಮಾಂಸ. ಶ್ವೈನ್: ಹಂದಿ. ರಿಂಡ್: ದನ. ಗೆಫ್ಲ್ಯೂಗೆಲ್: ಕೋಳಿ ಮತ್ತಿತರ ಹಕ್ಕಿಗಳು. ಫಿಶ್: ಮೀನು. ಐ: ಮೊಟ್ಟೆ. ಶ್ಪೆಕ್: ಉಪ್ಪು ಹಾಕಿದ ಹಂದಿಮಾಂಸದ ಚೂರು. ಶಿಂಕೆನ್: ಹಂದಿಯ ತೊಡೆಮಾಂಸ. ಶ್ಮಾಲ್ಟ್ಸ್: ಹಂದಿಯ ಕೊಬ್ಬು. ಬ್ರ್ಯೂಹೆ: ಕಟ್ಟು ಅಥವಾ ಸ್ಟಾಕ್, ಅದು ಮಾಂಸದ್ದೂ ಆಗಿರಬಹುದು. ಗೆಲಟೀನೆ: ಜೆಲಾಟಿನ್. ಲಾಬ್: ಚೀಸ್ ಮಾಡಲು ಬಳಸುವ ರೆನೆಟ್, ಇದನ್ನು ಕರುವಿನ ಹೊಟ್ಟೆಯಿಂದಲೂ ತೆಗೆಯುತ್ತಾರೆ.

ಹುರಿದ ಆಲೂಗಡ್ಡೆ ನೋಡಲು ನಮ್ಮ ಪಲ್ಯದಂತೆಯೇ ಇದ್ದರೂ ಒಳಗೆ ಶ್ಪೆಕ್ ಚೂರು ಅಡಗಿರುವುದುಂಟು. ನೇರಳೆ ಬಣ್ಣದ ಬೇಯಿಸಿದ ಎಲೆಕೋಸಿಗೆ ಶ್ಮಾಲ್ಟ್ಸ್ ಹಾಕುವ ರೂಢಿ ಇದೆ. ಬೇಳೆಯ ಗಟ್ಟಿ ಸಾರು 'ಲಿನ್ಸೆನ್ ಐನ್‌ಟೋಪ್ಫ್' ಕಂಡು ತೊವ್ವೆ ಸಿಕ್ಕಿತೆಂದು ಹಿಗ್ಗಬೇಡಿ, ಅದರಲ್ಲಿ ಸಾಸೇಜ್ ತೇಲುತ್ತಿರಬಹುದು. ಮೆತ್ತನೆಯ ಹಣ್ಣಿನ ಮಿಠಾಯಿಗಳಲ್ಲಿ ಜೆಲಾಟಿನ್ ಸಾಮಾನ್ಯ. ಪಾರ್ಮೆಸಾನ್‌ನ ಮೂಲರೂಪವಾದ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಕರುವಿನ ರೆನೆಟ್ಟೇ ಆಗಬೇಕು. ಮದ್ಯ ಮುಟ್ಟದವರು ಬ್ಲ್ಯಾಕ್ ಫಾರೆಸ್ಟ್ ಕೇಕ್ ಬಗ್ಗೆ ಕೇಳಿಕೊಳ್ಳಲಿ. ಬೆಂಗಳೂರಿನ ಬೇಕರಿಯ ಹುಟ್ಟುಹಬ್ಬದ ಕೇಕಿಗೆ ಅದೇ ಹೆಸರಿದ್ದರೂ ಅಲ್ಲಿನ ಅಸಲಿ ಕೇಕಿಗೆ ಚೆರಿಯ ಮದ್ಯ ಬೀಳುತ್ತದೆ.

ಸಂಶಯ ಬಂದರೆ ಬಡಿಸುವವರನ್ನು ಕೇಳಲು ಒಂದು ವಾಕ್ಯ ಸಾಕು: "ಇಸ್ಟ್ ದಾ ಫ್ಲೈಶ್ ದ್ರಿನ್?" ಅಂದರೆ, "ಇದರಲ್ಲಿ ಮಾಂಸ ಇದೆಯಾ?" ಯಾರೂ ಬೇಸರಪಡುವುದಿಲ್ಲ. ಹೊಟ್ಟೆಗೆ ಒಗ್ಗದ ಪದಾರ್ಥಗಳಿರುವವರಿಗೂ ಅನುಕೂಲ ಇದೆ: ಶೇಂಗಾ, ಗೋಧಿಯ ಗ್ಲುಟೆನ್, ಸೋಯಾ, ಎಳ್ಳು ಸೇರಿ 14 ಬಗೆಯ ಅಲರ್ಜಿಕಾರಕಗಳನ್ನು ತಿಳಿಸುವುದು ಐರೋಪ್ಯ ಒಕ್ಕೂಟದಲ್ಲಿ ಕಡ್ಡಾಯ. ಮೆನುವಿನ ಪಕ್ಕದ ಪುಟ್ಟ ಅಕ್ಷರಗಳು, ಅಂಕಿಗಳು ಇಂಥ ವಿವರಕ್ಕೇ ಇರುವುದು.

ಸಂತೆ ಎಲ್ಲಿ, ಯಾವಾಗ

ಭಾನುವಾರದ ರಜೆ ಅಲ್ಲಿ ಬರೀ ರೂಢಿಯಲ್ಲ. 1919ರ ವೈಮಾರ್ ಸಂವಿಧಾನದಲ್ಲಿದ್ದ ಭಾನುವಾರದ ವಿಶ್ರಾಂತಿಯ ವಿಧಿ ಇಂದಿನ ಸಂವಿಧಾನದಲ್ಲೂ ಉಳಿದುಕೊಂಡಿದೆ. ದೊಡ್ಡ ರೈಲು ನಿಲ್ದಾಣಗಳ ಅಂಗಡಿ, ಕೆಲವು ಗಂಟೆ ತೆರೆಯುವ ಬೇಕರಿ, ಪೆಟ್ರೋಲ್ ಬಂಕ್ ಬಿಟ್ಟರೆ ಏನೂ ಸಿಗದು. ಬವೇರಿಯಾದಲ್ಲಿ ವಾರದ ದಿನಗಳಲ್ಲೂ ಸಾಮಾನ್ಯವಾಗಿ ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತಾರೆ. ಡಿಸೆಂಬರ್ 24ರ ಮಧ್ಯಾಹ್ನದಿಂದ 26ರ ಪೂರ್ತಿ, ಗುಡ್ ಫ್ರೈಡೆ, ಈಸ್ಟರ್ ಸೋಮವಾರ, ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಶುಕ್ರವಾರ ಸಂಜೆಯೇ ಸಂತೆ ಮುಗಿಸಿದವರು ಜಾಣರು. ಶನಿವಾರ ಸಂಜೆಯ ಸಾಲಿನಲ್ಲಿ ಇಡೀ ಊರೇ ನಿಂತಿರುತ್ತದೆ.

ದಿನಸಿಗೆ ಆಲ್ಡಿ, ಲಿಡ್ಲ್, ಪೆನ್ನಿ, ನೆಟ್ಟೊ ಅಗ್ಗದವು. ರೇವೆ, ಎಡೆಕಾ ತುಸು ದುಬಾರಿ, ಆಯ್ಕೆ ಹೆಚ್ಚು. ಬಟ್ಟೆಚೀಲ ನಿಮ್ಮದೇ ಇರಲಿ. ಬಿಲ್ಲು ಹಾಕುವವರು ಗುಂಡು ಹಾರಿಸಿದಂತೆ ಸಾಮಾನು ತಳ್ಳುತ್ತಾರೆ, ಗಾಬರಿಯಾಗದೆ ಎಲ್ಲವನ್ನೂ ಗಾಡಿಗೆ ಹಾಕಿಕೊಂಡು ಪಕ್ಕಕ್ಕೆ ಹೋಗಿ ತುಂಬಿಕೊಳ್ಳಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಪಾನೀಯ ಬಾಟಲಿ, ಕ್ಯಾನ್‌ಗಳ ಬೆಲೆಯ ಜೊತೆಗೆ 25 ಸೆಂಟ್ 'ಫಾಂಡ್' ಎಂಬ ಠೇವಣಿ ಸೇರಿರುತ್ತದೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ವಾಪಸ್. ಅಸಲಿಗೆ ನೀರು ಕೊಳ್ಳುವ ಅಗತ್ಯವೇ ಇಲ್ಲ, ನಲ್ಲಿ ನೀರು ಕುಡಿಯಲು ಯೋಗ್ಯ.

ಇನ್ನು ಊರಿನ ಸಾಮಾನಿಗೆ ಅಲ್ಲಿ ಸಿಗುವ ಬದಲಿ. ಜರ್ಮನ್ ಅಂಗಡಿಯಲ್ಲೇ ಎಷ್ಟೊಂದು ಸಿಗುತ್ತದೆ ಎಂಬುದು ಗೊತ್ತಾಗಲು ನನಗೆ ಒಂದು ಸೆಮಿಸ್ಟರ್ ಹಿಡಿಯಿತು. ಪಾಯಸದಂಥ ಸಿಹಿಗೆಂದು ಮಾರುವ 'ಮಿಲ್ಶ್‌ರೈಸ್' ಎಂಬ ಗುಂಡು ಅಕ್ಕಿ ಬೆಂದಾಗ ಅಂಟಂಟಾಗುತ್ತದೆ. ಪಲಾವಿಗೆ ಬಾರದು, ಆದರೆ ಮೊಸರನ್ನಕ್ಕೆ, ಬಿಸಿಬೇಳೆಬಾತಿಗೆ, ಪೊಂಗಲಿಗೆ ಹೇಳಿ ಮಾಡಿಸಿದ ಅಕ್ಕಿ. 'ಗ್ರೀಸ್' ಎಂದರೆ ರವೆ. ಚೆನ್ನಾಗಿ ಹುರಿದರೆ ಉಪ್ಪಿಟ್ಟಿಗೆ ನಡೆಯುತ್ತದೆ. ಗೋಧಿಹಿಟ್ಟಿನ ಪೊಟ್ಟಣದ ಮೇಲಿನ 405, 550, 1050 ಎಂಬ ಅಂಕಿಗಳು 100 ಗ್ರಾಂ ಹಿಟ್ಟಿನಲ್ಲಿ ಎಷ್ಟು ಮಿಲಿಗ್ರಾಂ ಖನಿಜಾಂಶ ಉಳಿದಿದೆ ಎಂಬ ಲೆಕ್ಕ. 405 ನಮ್ಮ ಮೈದಾಕ್ಕೆ ಹತ್ತಿರ. 1050ಕ್ಕೆ 'ಫೋಲ್‌ಕೋರ್ನ್' ಎಂಬ ಇಡೀ ಗೋಧಿಯ ಹಿಟ್ಟು ಬೆರೆಸಿದರೆ ಚಪಾತಿ ಮೆತ್ತಗೆ ಬರುತ್ತದೆ. ಆಲೂಗಡ್ಡೆಯಲ್ಲೂ ಜಾತಿಯಿದೆ: 'ಫೆಸ್ಟ್‌ಕೊಖೆಂಡ್' ಎಂದಿದ್ದರೆ ಬೆಂದರೂ ಹೋಳು ಒಡೆಯದು, ಹುಳಿಗೆ ಸರಿ. 'ಮೇಲಿಗ್‌ಕೊಖೆಂಡ್' ಎಂದಿದ್ದರೆ ಹಿಟ್ಟಾಗುತ್ತದೆ, ಬೋಂಡಾ, ಮಸಾಲೆದೋಸೆಯ ಪಲ್ಯಕ್ಕೆ ಅದೇ ಬೇಕು. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಕಟ್ಟುಗಳಲ್ಲಿ ಎಲ್ಲ ಕಡೆ ಸಿಗುತ್ತದೆ. ಕಾಯಿಸಿದರೆ ತುಪ್ಪ, ಹಾಸ್ಟೆಲಿನ ಕಾರಿಡಾರ್ ತುಂಬ ಊರಿನ ವಾಸನೆ.

ತರಕಾರಿಯಲ್ಲಿ ನನಗೆ ಖುಷಿ ಕೊಟ್ಟಿದ್ದು ಮೂರು. ಮೊದಲನೆಯದು ನವಿಲುಕೋಸು. ಜರ್ಮನರು ಅದನ್ನು 'ಕೋಲ್‌ರಾಬಿ' ಎನ್ನುತ್ತಾರೆ, ಹಸಿಯಾಗಿಯೇ ಉಪ್ಪು ಹಾಕಿಕೊಂಡು ತಿನ್ನುತ್ತಾರೆ. ಎರಡನೆಯದು ಹೊಕ್ಕೈಡೊ ಎಂಬ ಕಿತ್ತಳೆ ಬಣ್ಣದ ಕುಂಬಳ. ಶರತ್ಕಾಲ ಬಂತೆಂದರೆ ರಾಶಿ ರಾಶಿ. ಸಿಪ್ಪೆಯನ್ನೂ ತಿನ್ನಬಹುದು, ಸಾಂಬಾರಿಗೆ ಹಾಗೇ ಹೆಚ್ಚಿ ಹಾಕಿ. ಮೂರನೆಯದು 'ಡಿಲ್'. ಅವರು ಸೌತೆಕಾಯಿ ಸಲಾಡಿಗೂ ಮೀನಿಗೂ ಹಾಕುವ ಆ ಸೊಪ್ಪಿನ ಕಟ್ಟನ್ನು ಮೂಗಿಗೆ ಹಿಡಿದ ದಿನ ನಾನು ಅಂಗಡಿಯ ಮಧ್ಯೆಯೇ ನಕ್ಕುಬಿಟ್ಟೆ, ನಮ್ಮ ಸಬ್ಬಸಿಗೆಯೇ ಅದು! ಅವರೆಕಾಳು ಸಿಗದು, ಆದರೆ 'ಡಿಕೆ ಬೋನೆನ್' ಎಂಬ ದಪ್ಪ ಕಾಳು ಫ್ರೀಜರಿನಲ್ಲಿ ಸಿಗುತ್ತದೆ. ಬಿಸಿನೀರಲ್ಲಿ ಹಾಕಿ ಸಿಪ್ಪೆ ಹಿಚುಕಿ ತೆಗೆದು, ಡಿಲ್ ಹೆಚ್ಚಿ ಹಾಕಿ, ಅಕ್ಕಿಹಿಟ್ಟಿಗೆ ಕಲಸಿ ತಟ್ಟಿದರೆ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ತಿಂದ ಅವರೆಕಾಳಿನ ರೊಟ್ಟಿಯ ಮುಕ್ಕಾಲು ಭಾಗ ರುಚಿ ಕೈಗೆ ಬಂತೆಂದು ತಿಳಿಯಿರಿ.

ಜರ್ಮನ್ ಅಂಗಡಿಯಲ್ಲಿ ಸಿಗದ್ದಕ್ಕೆ ಟರ್ಕಿಯವರ ಅಂಗಡಿ. 1961ರ ಒಪ್ಪಂದದ ಮೇಲೆ ಟರ್ಕಿಯಿಂದ ದುಡಿಯಲು ಬಂದವರು ಅಲ್ಲೇ ನೆಲೆಸಿದ್ದರಿಂದ, ಸಣ್ಣ ಊರಿನಲ್ಲೂ ಅವರದೊಂದು ಅಂಗಡಿ ಇರುತ್ತದೆ. ಕಟ್ಟುಗಟ್ಟಲೆ ಕೊತ್ತಂಬರಿ, ಪುದೀನ, ಹಸಿಮೆಣಸು, ಬದನೆ, ಬೆಂಡೆ, ಕಡಲೆಕಾಳು, ಕೆಂಪು ಮಸೂರ, ದೊಡ್ಡ ಬಕೆಟ್ಟಿನ ಮೊಸರು ಎಲ್ಲವೂ ಅಲ್ಲಿ ಸಿಗುತ್ತದೆ. ಅವರ 'ಐರಾನ್' ನಮ್ಮ ಉಪ್ಪು ಮಜ್ಜಿಗೆಯ ಅಣ್ಣತಮ್ಮ. ಹಲಾಲ್ ಮಾಂಸ, ಕುರಿಮಾಂಸ ಬೇಕಾದವರಿಗೂ ಇದೇ ಜಾಗ. ತೊಗರಿಬೇಳೆ, ಉದ್ದು, ಸೋನಾ ಮಸೂರಿ, ರಾಗಿಹಿಟ್ಟು, ಫ್ರೀಜರಿನ ತೆಂಗಿನತುರಿ ಮತ್ತು ಕರಿಬೇವಿಗೆ ಮಾತ್ರ ಏಷ್ಯನ್ ಅಥವಾ ಭಾರತೀಯ ಅಂಗಡಿ. ಬೆಲೆ ಜಾಸ್ತಿ, ಹಾಗಾಗಿ ನಾಲ್ಕು ಜನ ಸೇರಿ ದೊಡ್ಡ ಚೀಲ ತಂದು ಹಂಚಿಕೊಳ್ಳಿ.

ಒಲೆ, ಹೊಗೆ, ಪಾಲಿನ ಅಡುಗೆಮನೆ

ಗ್ಯಾಸ್ ಒಲೆಯ ಕೈಗೆ ಅಲ್ಲಿನ ವಿದ್ಯುತ್ ತಟ್ಟೆ ಮೊದಲು ಮೋಸ ಮಾಡುತ್ತದೆ. ಗ್ಯಾಸಿನಲ್ಲಿ ಗುಂಡಿ ತಿರುಗಿಸಿದೊಡನೆ ಉರಿ ಇಳಿಯುತ್ತದೆ. ಈ ತಟ್ಟೆ ನಿಧಾನವಾಗಿ ಕಾದು, ಆರಿಸಿದ ಮೇಲೂ ಹತ್ತು ನಿಮಿಷ ಕಾದೇ ಇರುತ್ತದೆ. ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಎಂದಾಗ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ, ಬಾಣಲೆಯನ್ನೇ ಎತ್ತಿ ಪಕ್ಕದ ತಣ್ಣನೆ ತಟ್ಟೆಗಿಡಬೇಕು. ಆಮೇಲೆ ಮೆಣಸಿನಕಾಯಿ, ಇಂಗು, ಕೊನೆಗೆ ಅರಿಸಿನ. ಇಲ್ಲದಿದ್ದರೆ ಮೆಣಸಿನಕಾಯಿ ಕರಕಾಗಿ, ಘಾಟು ಎದ್ದು, ಮಹಡಿಯವರೆಲ್ಲ ಕೆಮ್ಮಿ, ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ. ಅಲಾರಂ ಅಗ್ನಿಶಾಮಕ ಠಾಣೆಗೆ ಜೋಡಿಸಿದ ಕಟ್ಟಡವಾದರೆ ಗಾಡಿಯೇ ಬಂದು, ಅದರ ಖರ್ಚು ನಿಮ್ಮ ತಲೆಗೆ ಬರಬಹುದು. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಗಾಬರಿಯಲ್ಲಿ ಬಾಗಿಲು ತೆರೆದರೆ ಹೊಗೆ ಕಾರಿಡಾರಿನ ಅಲಾರಮ್ಮಿಗೂ ತಲುಪುತ್ತದೆ. ಚಳಿಗಾಲದ ಜಾಕೆಟ್ಟನ್ನು ಅಡುಗೆಗೆ ಮುಂಚೆಯೇ ಕೋಣೆಯ ಬೀರುವಿನಲ್ಲಿಟ್ಟು ಬಾಗಿಲು ಹಾಕಿ. ಉಣ್ಣೆಗೆ ಹತ್ತಿದ ಈರುಳ್ಳಿಯ ವಾಸನೆ ತರಗತಿಯವರೆಗೂ ಬರುತ್ತದೆ.

ಕುಕ್ಕರಿನ ಮೊದಲ ಸೀಟಿಗೆ ಮನೆಯ ಸಹವಾಸಿಗಳು ಬೆಚ್ಚಿಬೀಳುವುದು ಖಂಡಿತ. ಮೊದಲೇ ತೋರಿಸಿ ಹೇಳಿಬಿಡಿ. ಫ್ರಿಜ್ಜಿನಲ್ಲಿ ನಿಮ್ಮ ಪಾಲಿನ ಅರೆ ಯಾವುದೆಂದು ಕೇಳಿ, ಡಬ್ಬಿಯ ಮೇಲೆ ಹೆಸರು, ದಿನಾಂಕ ಬರೆಯಿರಿ. ಗೋಡೆಯ ಮೇಲಿನ 'ಪುಟ್ಸ್‌ಪ್ಲಾನ್' ಎಂದರೆ ಸ್ವಚ್ಛತೆಯ ಪಾಳಿ. ಅದನ್ನು ತಪ್ಪಿಸಿದವರ ಬಗ್ಗೆ ಜರ್ಮನರು ಮುಖಕ್ಕೇ ಹೇಳುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಸದಲ್ಲಿ ಹಸಿ, ಕಾಗದ, ಪ್ಯಾಕಿಂಗ್, ಗಾಜು, ಉಳಿದದ್ದು, ಎಲ್ಲವೂ ಬೇರೆ ಬೇರೆ. ಕರಿದ ಎಣ್ಣೆ, ಚಹಾಪುಡಿ, ಅನ್ನ ಸಿಂಕಿಗೆ ಹೋಗಬಾರದು.

ಹೆಪ್ಪು ಹಾಕುವುದು ಅಲ್ಲಿ ಸುಲಭ. 3.5 ಶೇಕಡಾ ಕೊಬ್ಬಿನ ಹಾಲನ್ನು ಬೆರಳು ತಾಳುವಷ್ಟು ಬಿಸಿ ಮಾಡಿ, 'ನಾಟೂರ್‌ಯೋಗುರ್ಟ್' ಎಂಬ ಸಾದಾ ಮೊಸರಿನ ಒಂದು ಚಮಚ ಬೆರೆಸಿ, ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಹೀಟರಿನ ಪಕ್ಕ ಇಟ್ಟರೆ ಬೆಳಿಗ್ಗೆ ಗಟ್ಟಿ ಮೊಸರು. ಅಷ್ಟೂ ಬೇಸರವಾದರೆ ಅದೇ ಡಬ್ಬಿಯ ಮೊಸರನ್ನೇ ಅನ್ನಕ್ಕೆ ಕಲಸಬಹುದು. 'ಮಿಲ್ಡ್' ಎಂದಿದ್ದರೆ ಹುಳಿ ಕಡಿಮೆ. ದೋಸೆ, ಇಡ್ಲಿ ಹಿಟ್ಟಿಗೆ ಚಳಿಗಾಲದಲ್ಲಿ ಒಂದು ರಾತ್ರಿ ಸಾಲದು. ಓವನ್ನಿನ ದೀಪ ಮಾತ್ರ ಹಚ್ಚಿ ಒಳಗಿಟ್ಟರೆ ಹುದುಗಲು ಬೇಕಾದ ಕಾವು ಸಿಗುತ್ತದೆ. ಓವನ್ ಬಾಗಿಲಿಗೆ "ಒಳಗೆ ಹಿಟ್ಟಿದೆ, ಬಿಸಿ ಮಾಡಬೇಡಿ" ಎಂದು ಚೀಟಿ ಅಂಟಿಸಲು ಮರೆಯಬೇಡಿ. ನಾನು ಒಮ್ಮೆ ಮರೆತೆ. ಯಾರೋ ಪಿಜ್ಜಾಕ್ಕೆಂದು ಓವನ್ ಕಾಯಿಸಿ, ಎರಡು ದಿನದ ಹಿಟ್ಟು ಡಬ್ಬಿಯೊಂದಿಗೇ ಕರಗಿಹೋಯಿತು.

ಊಟಕ್ಕೆ ಕರೆದಾಗ

ನಮ್ಮಲ್ಲಿ ಬಡಿಸುವವರು ಮೂರು ಸಲ ಕೇಳುತ್ತಾರೆ, ಉಣ್ಣುವವರು ಎರಡು ಸಲ ಬೇಡವೆನ್ನುತ್ತಾರೆ. ಜರ್ಮನರ ಮನೆಯಲ್ಲಿ ಒಮ್ಮೆ ಬೇಡವೆಂದರೆ ಮುಗಿಯಿತು, ಪಾತ್ರೆ ಮುಂದಕ್ಕೆ ಹೋಗುತ್ತದೆ. ಸಂಕೋಚ ಮಾಡಿ ಹಸಿದು ಎದ್ದ ಕನ್ನಡಿಗ ನಾನೊಬ್ಬನೇ ಅಲ್ಲ. ಬೇಕಿದ್ದರೆ "ಯಾ, ಗೆರ್ನೆ" ಎನ್ನಿ, ಖುಷಿಯಿಂದ ಹಾಕಿಸಿಕೊಳ್ಳುವ ಮಾತು ಅದು. ಏನು ತಿನ್ನುವುದಿಲ್ಲ ಎಂಬುದನ್ನು ಕರೆದಾಗಲೇ ತಿಳಿಸಿ, ತಟ್ಟೆಯ ಮುಂದೆ ಕೂತಮೇಲೆ ಅಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ಎಲ್ಲರೂ "ಗೂಟೆನ್ ಆಪೆಟೀಟ್" ಎನ್ನುವವರೆಗೆ ಕೈ ಹಾಕಬೇಡಿ. ಹೋಟೆಲಿಗೆ ಒಟ್ಟಿಗೆ ಹೋದರೆ ಅವರವರ ಬಿಲ್ಲು ಅವರವರೇ ಕೊಡುವುದು ವಾಡಿಕೆ, ಅದರಲ್ಲಿ ಅವಮಾನವಿಲ್ಲ. ಬಿಯರ್ ಬೇಡವಾದರೆ 'ಆಪ್ಫೆಲ್‌ಶೋರ್ಲೆ' ಕೇಳಿ, ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು. ಯಾರೂ ಒತ್ತಾಯ ಮಾಡುವುದಿಲ್ಲ.

ನೀವು ಕರೆದಾಗ ಖಾರ ಅರ್ಧ ಮಾಡಿ, ಚಿತ್ರಾನ್ನದಲ್ಲಿ ಶೇಂಗಾ ಇದೆಯೆಂದು ಮೊದಲೇ ಹೇಳಿ. ಶೇಂಗಾ ಅಲರ್ಜಿ ಕೆಲವರಿಗೆ ಪ್ರಾಣಾಂತಿಕ. ಕೈಯಲ್ಲಿ ಉಣ್ಣಲು ನಾಚಬೇಡಿ. ಹೇಗೆಂದು ತೋರಿಸಿಕೊಟ್ಟರೆ ಅವರೂ ಕಲಸಿ ನೋಡುತ್ತಾರೆ.

ದುಡ್ಡು ಮತ್ತು ದೇಹ

ವಿದ್ಯಾರ್ಥಿ ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ 992. ಬಾಡಿಗೆ, ವಿಮೆ ಎಲ್ಲ ಅದರಲ್ಲೇ. ಮೊದಲು ಕತ್ತರಿ ಬೀಳುವುದು ಊಟಕ್ಕೆ, ಆದರೆ ಬೀಳಬಾರದ್ದೂ ಅಲ್ಲಿಗೇ. ಬೇಳೆ, ಮೊಟ್ಟೆ, ಓಟ್ಸ್, ಎಲೆಕೋಸು, ಕ್ಯಾರೆಟ್, ಫ್ರೀಜರಿನ ಪಾಲಕ್ ಅಲ್ಲಿಯೂ ಅಗ್ಗ. ಬಡವರಿಗೆಂದು ದಾನದ ಮೇಲೆ ನಡೆಯುವ 'ಟಾಫೆಲ್' ಆಹಾರ ಕೇಂದ್ರಗಳನ್ನು ಹಣ ಉಳಿಸುವ ಉಪಾಯವೆಂದು ಬಳಸಬೇಡಿ. ನಿಜವಾಗಿ ಕಷ್ಟಕ್ಕೆ ಸಿಕ್ಕಿದ್ದರೆ ವಿದ್ಯಾರ್ಥಿ ಸೇವಾ ಸಂಸ್ಥೆಯ ಸಲಹೆಗಾರರನ್ನು ಕಾಣಿ.

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅಲ್ಲಿನ ಬಿಸಿಲಿಗೆ ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಾಗುವುದಿಲ್ಲ. ಸಸ್ಯಾಹಾರಿಗಳಿಗೆ ಬಿ12 ಕೊರತೆಯ ಸಾಧ್ಯತೆಯೂ ಇದೆ. ಹೊರಡುವ ಮುಂಚೆ ಊರಿನಲ್ಲೇ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರ ಮಾತು ಕೇಳಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಒಬ್ಬರೇ ಕೂತು ಫೋನ್ ನೋಡುತ್ತ ಉಣ್ಣುವ ರಾತ್ರಿಗಳು ಆಗ ಉದ್ದವಾಗುತ್ತವೆ. ವಾರಕ್ಕೊಮ್ಮೆಯಾದರೂ ನಾಲ್ವರು ಸೇರಿ ಅಡುಗೆ ಮಾಡಿ. ಅನ್ನ-ಸಾರೇ ಆಗಲಿ, ಎದುರಿಗೆ ಇನ್ನೊಂದು ತಟ್ಟೆ ಇರಲಿ.

ಕೊನೆಗೆ, ಹೊರಡಲು ಇನ್ನೂ ಒಂದು ತಿಂಗಳಿರುವವರಿಗೆ ಎರಡು ಮಾತು. ಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ನಿಂತು ಅನ್ನ, ಸಾರು, ಒಂದು ಪಲ್ಯ, ಉಪ್ಪಿಟ್ಟು, ಹೆಪ್ಪು ಹಾಕುವುದು ಇಷ್ಟನ್ನು ನಿಮ್ಮ ಕೈಯಾರೆ ಮಾಡಿ ಕಲಿಯಿರಿ. ಅಮ್ಮ "ಒಂದು ಅಂದಾಜು" ಎನ್ನುವ ಅಳತೆಯನ್ನು ಚಮಚದ ಲೆಕ್ಕದಲ್ಲಿ ಬರೆದುಕೊಳ್ಳಿ. ಮತ್ತೆ, ಟಿಕೆಟ್ ತೆಗೆಯುವಾಗ ಶನಿವಾರ ರಾತ್ರಿ ಇಳಿಯುವ ವಿಮಾನ ಬೇಡ.